ಕೆರೆಗೋಡು ಸಾರಿಸಿದ ಕೈ

ದ್ರೌಪದಮ್ಮನಿಗೆ ಸೊಸೆಯ ಚಿತ್ರಗಳ ಮೇಲಿದ್ದ ದೂರು ಒಂದೇ: ಅವುಗಳಲ್ಲಿ ಏನೂ ಇರುತ್ತಿರಲಿಲ್ಲ. ಒಂದು ಮರವಿಲ್ಲ, ಒಂದು ದನವಿಲ್ಲ, ಹೋಗಲಿ, ಒಂದು ಮುಖವಾದರೂ ಬೇಡವೇ? ವಿದ್ಯಾರಣ್ಯಪುರದ ಆ ಮನೆಯ ತಾರಸಿಯಲ್ಲಿ ಶೀಟು ಹೊದಿಸಿದ ಕೋಣೆಯೊಂದಿತ್ತು. ಶಾಲೆಯಲ್ಲಿ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಟ್ಟು ಬಂದ ಸರಳಾ ಸಂಜೆಯಿಡೀ ಅಲ್ಲಿ ನಿಂತು ಬಣ್ಣದ ಮೇಲೆ ಬಣ್ಣ ಬಳಿಯುತ್ತಿದ್ದಳು.

"ಇದ್ರಲ್ಲಿ ಮೇಲ್ಗಡೆ ಯಾವ್ದು, ಕೆಳಗಡೆ ಯಾವ್ದು, ಏಳವ್ವ," ಎಂದು ಅತ್ತೆ ಕೇಳುವಳು.

"ನಿಮ್ಗೆ ಹೆಂಗ್ ಬೇಕೋ ಹಂಗ್ ನೋಡಿ ಅಮ್ಮ."

"ನಂಗ್ ಬೇಕಾದಂಗೆ ನೋಡಾದಾದ್ರೆ ನೀನ್ಯಾಕ್ ಬರೀಬೇಕು?"

ಸರಳಾ ನಕ್ಕು ಮತ್ತೆ ಬ್ರಷ್ ಎತ್ತಿಕೊಳ್ಳುವಳು. ಅವರಿಬ್ಬರಲ್ಲಿ ಜಗಳವೇನೂ ಇರಲಿಲ್ಲ. ಅತ್ತೆ ಸೊಸೆ ಜಗಳವಾಡಬೇಕಾದರೆ ಒಂದೇ ಕೆಲಸದ ಮೇಲೆ ಇಬ್ಬರಿಗೂ ಕಣ್ಣಿರಬೇಕು. ಆ ಮನೆಯಲ್ಲಿ ದ್ರೌಪದಮ್ಮನ ಪಾಲಿಗೆ ಕೆಲಸವೇ ಉಳಿದಿರಲಿಲ್ಲ. ಒಗೆಯಲು ಮೆಷಿನ್, ರುಬ್ಬಲು ಮೆಷಿನ್, ನೆಲಕ್ಕೆ ಟೈಲ್ಸು. ಮಗ ಬಾಲರಾಜ್‌ಗೆ ಯಶವಂತಪುರದಲ್ಲಿ ಏಸಿ ರಿಪೇರಿ ಅಂಗಡಿ. ವರ್ಷದಿಂದ ವರ್ಷಕ್ಕೆ ಬಿಸಿಲು ಏರಿದಷ್ಟೂ ಅವನ ವ್ಯಾಪಾರವೂ ಏರುತ್ತಿತ್ತು. "ನೀನು ಆರಾಮಾಗಿ ಕೂತ್ಕೊಳಮ್ಮ" ಎನ್ನುತ್ತಿದ್ದ. ಕೂತು ಕೂತು ಆಕೆಗೆ ಸಾಕಾಗಿ ಹೋಗಿತ್ತು.

ಒಂದೇ ಒಂದು ಕೆಲಸ ಮಾತ್ರ ಯಾರೂ ಕಿತ್ತುಕೊಳ್ಳಲಾಗದಂತೆ ಆಕೆಯದಾಗಿತ್ತು. ಮೊಮ್ಮಗಳು ಯಶಸ್ವಿನಿ, ಒಂದನೇ ಕ್ಲಾಸಿನ ಯಶು, ಅಜ್ಜಿಯ ಕೈತುತ್ತಿಲ್ಲದೆ ಉಣ್ಣುತ್ತಿರಲಿಲ್ಲ. ಸಂಜೆ ತಾರಸಿಯ ಮೆಟ್ಟಿಲ ಮೇಲೆ ಕೂತು, ಬಟ್ಟಲಿನ ಅನ್ನ ಸಾರನ್ನು ಐದು ಬೆರಳಲ್ಲೂ ಹಿಸುಕಿ ಬೆಣ್ಣೆಯಂತೆ ಮಾಡಿ, ಉಂಡೆ ಕಟ್ಟಿ ಬಾಯಿಗಿಡಬೇಕು. ಚಮಚ ಕಂಡರೆ ಹುಡುಗಿ ತುಟಿ ಬಿಗಿದುಕೊಳ್ಳುತ್ತಿದ್ದಳು. "ಚಮಚ ಕಹಿ," ಎನ್ನುತ್ತಿದ್ದಳು. ದ್ರೌಪದಮ್ಮ ಈ ಮಾತನ್ನು ಹಾಲಿನ ಬೂತಿನವನಿಗೂ ಹೇಳಿಕೊಂಡು ಬೀಗುತ್ತಿದ್ದಳು.

ಆ ವರ್ಷ ಯುಗಾದಿಗೆ ಮೊದಲೇ ಬಿಸಿಲು ನೆತ್ತಿ ಸುಡತೊಡಗಿತು. ಬೋರ್‌ವೆಲ್ ಕೈಕೊಟ್ಟಿತ್ತು. ಟ್ಯಾಂಕರ್ ಬಂದ ದಿನ ಬೀದಿಯಲ್ಲಿ ಹಬ್ಬ, ಬಾರದ ದಿನ ಕುರುಕ್ಷೇತ್ರ. ಅದೇ ಹೊತ್ತಿಗೆ ಸರಳಾಗೆ ಯಲಹಂಕದ ಹಳೇ ಗೋಡೌನೊಂದರಲ್ಲಿ ಪ್ರದರ್ಶನ ಮಾಡುವ ಅವಕಾಶ ಬಂತು. ಹವಾಮಾನ ಹೀಗೆ ಕೆಡುತ್ತಾ ಹೋದರೆ ಮುಂದೆ ಈ ಊರಿನ ನೆಲ, ನೀರು, ಗಾಳಿ ಏನಾಗಬಹುದೆಂದು ಕಲ್ಪಿಸಿ ಬರೆಯಬೇಕಿತ್ತು. ಅವಳು ಕೆರೆಯನ್ನು ಆರಿಸಿಕೊಂಡಳು. ಆಳೆತ್ತರದ ಹಲಗೆಗಳನ್ನು ಸಾಲಾಗಿ ನಿಲ್ಲಿಸುವುದು; ಮೊದಲನೆಯದು ಇವತ್ತಿನ ಕೆರೆ, ಕೊನೆಯದು ಯಶು ಅಜ್ಜಿಯಾಗುವ ಕಾಲದ ಕೆರೆ.

"ಕೆರೆ ಅಂದ್ಮೇಲೆ ನೀರು, ಏರಿ, ತೂಬು ಎಲ್ಲಾ ಬರೀತೀಯ ಈಗ್ಲಾದ್ರೂ?" ದ್ರೌಪದಮ್ಮ ಆಸೆಯಿಂದ ಕೇಳಿದಳು.

"ಇಲ್ಲಮ್ಮ. ಒಣಗಿದ್ ಕೆರೆನ ಫೋಟೋ ಥರ ಬರೆದ್ರೆ ಜನ ಅಯ್ಯೋ ಅಂತಾರೆ, ಮುಂದಕ್ಕೆ ಹೋಗ್ತಾರೆ. ಫೋನಲ್ಲಿ ದಿನಾ ನೋಡ್ತಾರಲ್ಲ. ನಂದ್ರಲ್ಲಿ ಕೆರೆ ಕಾಣ್ಬಾರ್ದು. ಎದುರಿಗೆ ನಿಂತವ್ರಿಗೆ ಗಂಟ್ಲು ಒಣಗ್ಬೇಕು. ಯಾಕೆ ಅಂತ ಗೊತ್ತಾಗ್ಬಾರ್ದು."

ದ್ರೌಪದಮ್ಮನಿಗೆ ಮೊದಲ ಬಾರಿಗೆ ಸೊಸೆಯ ಮಾತು ಒಂದಿಷ್ಟು ತಲೆಗೆ ಹೋಯಿತು. ಬಣ್ಣ ಬೇಡ, ಕೆರೆಯ ಮಣ್ಣಿನಲ್ಲೇ ಬರೆಯುತ್ತೇನೆ ಎಂದು ಸರಳಾ ಹೇಳಿದಾಗಲಂತೂ ಆಕೆ ಕೂತಲ್ಲಿಂದ ಎದ್ದೇಬಿಟ್ಟಳು.

"ಅಂಗಾದ್ರೆ ನಮ್ ಒನ್ನಕಟ್ಟೆ ಕೆರೆಗೋಡೇ ತರ್ಸು!"

ಹೊನ್ನಕಟ್ಟೆ ಆಕೆಯ ತವರಿನ ಕೆರೆ, ಹುಣಸಮಾರನಹಳ್ಳಿಯಿಂದ ಒಳಕ್ಕೆ. ಬೇಸಿಗೆಯಲ್ಲಿ ನೀರು ಇಳಿದಾಗ ತಳದ ಗೋಡನ್ನು, ಆ ಮೆತ್ತನೆಯ ಹೂಳನ್ನು, ಹೆಂಗಸರು ಮಂಕರಿಯಲ್ಲಿ ಹೊತ್ತು ತರುತ್ತಿದ್ದರು. ಅಂಗಳಕ್ಕೆ ಅದೇ, ಗೋಡೆಗೆ ಅದೇ, ಮಕ್ಕಳ ತಲೆಗೂ ಅದೇ, ಬೆವರುಸಾಲೆಯೆದ್ದ ಬೆನ್ನಿಗೂ ಅದೇ. ಅದು ಮೆತ್ತಿದ ಕೈಯನ್ನು ಕೊಳಕು ಎಂದವರೇ ಇರಲಿಲ್ಲ. ಒಂದು ಚೊಂಬು ನೀರು ಹಾಕಿ ಉಜ್ಜಿಕೊಂಡರೆ ಆಯಿತು, ಊಟಕ್ಕೆ ಕೂರಬಹುದಿತ್ತು.

ತಣಿಸಂದ್ರದ ಅಕ್ಬರ್ ಪಾಷಾ ಬಾಲರಾಜ್‌ನ ಅಂಗಡಿಗೆ ಏಸಿ ಸಾಗಿಸುವ ಟೆಂಪೊದವನು. ಅವನೇ ಹೋಗಿ ಡ್ರಮ್ಮುಗಳಲ್ಲಿ ಗೋಡು ತುಂಬಿಕೊಂಡು ಬಂದ. ತಾರಸಿಗೆ ಏರಿಸಿದವನು ಕೈಯ ಗ್ಲೌಸ್ ತೆಗೆಯುತ್ತಾ ಹೇಳಿದ:

"ಅಮ್ಮಾ, ನೀವು ನೋಡಿರೋ ಕೆರೆ ಅಲ್ಲ ಅದು ಈಗ. ಏರಿ ಪಕ್ಕ ಹಳೇ ಬ್ಯಾಟ್ರಿ ಒಡೆಯೋ ಶೆಡ್ ಐತೆ, ನಲ್ಲಿಗೆ ಪಾಲಿಶ್ ಕೊಡೋ ಶೆಡ್ ಐತೆ. ಎಲ್ಲಾ ನೀರು ಅಲ್ಲಿಗೇ ಬಿಡೋದು. ನಾನೇ ಗ್ಲೌಸ್ ಹಾಕ್ಕೊಂಡ್ ಎತ್ತಿದೀನಿ. ಬರಿಗೈಯಲ್ಲಿ ಮುಟ್ಬೇಡಿ."

"ನಮ್ ಕೆರೆ ಇಸ್ಯ ನಿಂಗೇನ್ ಗೊತ್ತು ಪಾಷಾ? ಅದರ ಮಣ್ ಬಳ್ಕಂಡೇ ನಾವ್ ಬೆಳ್ದಿರಾದು."

ತವರಿನ ಬಗ್ಗೆ ಒಂದು ಮಾತು ಬಂದರೆ ಹೆಣ್ಣುಮಕ್ಕಳಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಪಾಷಾ ಗ್ಲೌಸ್ ಜೇಬಿಗೆ ತುರುಕಿಕೊಂಡು ಕೆಳಗಿಳಿದ. ಮೆಟ್ಟಿಲ ಬಳಿ ನಿಂತಿದ್ದ ಸರಳಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮರುದಿನವೇ ಕಿತ್ತಳೆ ಬಣ್ಣದ ರಬ್ಬರ್ ಗ್ಲೌಸ್ ತಂದಳು.

ಡ್ರಮ್ಮಿನ ಮುಚ್ಚಳ ತೆಗೆದಾಗ ಗೋಡು ಕಪ್ಪಗೆ ಹೊಳೆಯುತ್ತಿತ್ತು. ಬಿಸಿಲಿಗೆ ಹಿಡಿದರೆ ಮೇಲೆ ಹಸಿರು, ನೇರಳೆ ಛಾಯೆಗಳು ಆಡುತ್ತಿದ್ದವು. ದ್ರೌಪದಮ್ಮನ ನೆನಪಿನ ಗೋಡು ಬೂದು ಬಣ್ಣದ್ದು, ಹೊಸ ಮಡಕೆಯ ವಾಸನೆಯದು. ಇದಕ್ಕೆ ಸುಟ್ಟ ಕಬ್ಬಿಣದ ನಾತವಿತ್ತು. ಡ್ರಮ್ಮಿನಲ್ಲಿ ಕೂತು ಹುಳಿತಿರಬೇಕು ಎಂದುಕೊಂಡಳು. ಸರಳಾ ಮಾತ್ರ ಕಣ್ಣರಳಿಸಿ, "ಎಂಥಾ ಬಣ್ಣ ನೋಡಿ ಅಮ್ಮ, ಯಾವ ಟ್ಯೂಬಲ್ಲೂ ಸಿಗಲ್ಲ," ಎಂದಳು.

ಆದರೆ ಸರಳಾಳ ಕೈಗೆ ಮಣ್ಣು ಬಗ್ಗಲಿಲ್ಲ. ಬ್ರಷ್ಷಿನಲ್ಲಿ ಬಳಿದಳು, ಕರಣೆಯಲ್ಲಿ ಮೆತ್ತಿದಳು. ಒಣಗಿದ ಮೇಲೆ ಹಪ್ಪಳದಂತೆ ಎದ್ದು ಬಿತ್ತು. ಅವಳು ಅಳುವ ಹಾಗಾದಾಗ ದ್ರೌಪದಮ್ಮ ಸೀರೆ ಎತ್ತಿ ಕಟ್ಟಿ, ಹಲಗೆಯನ್ನು ನೆಲಕ್ಕೆ ಮಲಗಿಸಿ, ಕುಕ್ಕರುಗಾಲಲ್ಲಿ ಕೂತಳು. ಸೊಸೆಯ ಒತ್ತಾಯಕ್ಕೆ ಗ್ಲೌಸ್ ಹಾಕಿಕೊಂಡೇ ಸಾರಿಸತೊಡಗಿದಳು. ಮಣ್ಣು ಜಾರಿತು, ಗೆರೆ ಹರಿದುಹೋಯಿತು. ಬಸ್ಸಿನ ಗಾಜಿನ ಮೇಲೆ ವೈಪರ್ ಎಳೆದಂತೆ ಕಂಡಿತು.

"ಕೈಗ್ ಚೀಲ ಆಕ್ಕಂಡು ಯಾವಳಾದ್ರೂ ಅಂಗಳ ಸಾರಿಸ್ತಾಳಾ?" ಎಂದು ಅವೆರಡನ್ನೂ ಕಿತ್ತು ಮೂಲೆಗೆಸೆದಳು.

ಬರಿಯ ಅಂಗೈ ಹಲಗೆಯ ಮೇಲೆ ಹರಿದಾಗ ಬೇರೆಯೇ ಆಯಿತು. ಭುಜದಿಂದ ಹೊರಟು ಅರ್ಧಚಂದ್ರವಾಗಿ ತಿರುಗಿ ಬರುವ ಒಂದು ಗೆರೆ, ಅದರ ಅಂಚನ್ನು ತುಳಿದು ಇನ್ನೊಂದು, ಹಿಂದಕ್ಕೆ ಸರಿಯುತ್ತಾ ಮತ್ತೊಂದು. ನಾಲ್ಕು ಬೆರಳಿನ ನಾಲ್ಕು ಎಳೆ ಪ್ರತಿ ಕಮಾನಿನಲ್ಲೂ ಉಳಿಯುತ್ತಿತ್ತು. ಒಣಗಿದಾಗ ಅದು ನೀರು ಹಿಂದೆ ಸರಿದುಹೋದ ಗುರುತಿನಂತೆ, ಉಸಿರು ಕಟ್ಟಿದ ಯಾವುದೋ ಮೈಯಂತೆ ಕಾಣುತ್ತಿತ್ತು. ಸರಳಾ ಬಾಯಿಗೆ ಕೈಯಿಟ್ಟುಕೊಂಡು ನಿಂತಿದ್ದಳು. ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ಗ್ಲೌಸನ್ನು ನೋಡಿದಳು, ಹಲಗೆಯನ್ನು ನೋಡಿದಳು.

ಇಲ್ಲಿ ಅವಳು ಒಂದು ಮಾತು ಆಡಬೇಕಿತ್ತು. ಆಡಲಿಲ್ಲ.

"ನಿಲ್ಲಿಸ್ಬೇಡಿ ಅಮ್ಮ," ಎಂದಷ್ಟೇ ಹೇಳಿದಳು.

ಎಷ್ಟು ವರ್ಷಗಳಾಗಿದ್ದವು, ನಿಲ್ಲಿಸಬೇಡ ಎಂದು ದ್ರೌಪದಮ್ಮನಿಗೆ ಯಾರಾದರೂ ಹೇಳಿ! ಆ ಮನೆಗೆ ಬಂದಾಗಿನಿಂದ ಕೇಳಿದ್ದೆಲ್ಲ ಬಿಡಮ್ಮ, ಮುಟ್ಟಬೇಡಮ್ಮ, ನಿನಗೆ ಗೊತ್ತಾಗಲ್ಲಮ್ಮ. ಈಗ ಮಧ್ಯಾಹ್ನವಾದರೆ ಸಾಕು, ಶೀಟಿನಡಿಯ ಕಾವಿನಲ್ಲಿ ಬೆವರು ಸುರಿಸುತ್ತಾ ಮಣ್ಣು ಕಲಸಿಟ್ಟು ಸೊಸೆ ಬರುವುದನ್ನೇ ಕಾಯುತ್ತಿದ್ದಳು. ಇಬ್ಬರೂ ಒಂದೇ ಹಲಗೆಯ ಮುಂದೆ ಕೂರುತ್ತಿದ್ದರು. ಸೊಸೆ ಅದರಲ್ಲಿ ಇನ್ನು ನಲವತ್ತು ಐವತ್ತು ವರ್ಷದಾಚೆಯ ಕೆರೆಯನ್ನು ಕಾಣುತ್ತಿದ್ದಳು, ಅತ್ತೆ ತವರಿನ ಅಂಗಳವನ್ನು ಕಾಣುತ್ತಿದ್ದಳು. ಹೊತ್ತು ಮುಳುಗುವಾಗ ಬಕೆಟ್ಟಿನ ತಳದ ನೀರಿನಲ್ಲಿ ಕೈ ತೊಳೆದು ಆಕೆ ಮೆಟ್ಟಿಲಿಗೆ ಬರುತ್ತಿದ್ದಳು. ಟ್ಯಾಂಕರಿನ ನೀರು, ಚೆಲ್ಲಾಡುವಂತಿರಲಿಲ್ಲ. ಉಗುರಿನ ಸಂದಿಯಲ್ಲಿ ಕಪ್ಪು ಉಳಿದೇ ಇರುತ್ತಿತ್ತು. ಯಶು ಅನ್ನದ ಬಟ್ಟಲು ಹಿಡಿದು ಕೂತಿರುತ್ತಿದ್ದಳು.

ಮೊದಲು ಅಂಗೈ ನವೆಯೆದ್ದಿತು. ಆಮೇಲೆ ಬೆರಳಿನ ಗೆಣ್ಣುಗಳಲ್ಲಿ ಬಿರುಕು ಬಿಟ್ಟಿತು, ಬಿರುಕಿನ ಅಂಚು ಗಟ್ಟಿಯಾಗಿ ಬೆಳ್ಳಗಾಯಿತು. ದ್ರೌಪದಮ್ಮ ಹರಳೆಣ್ಣೆ ಸವರಿಕೊಂಡು, ಕೇಳಿದವರಿಗೆ "ಉಷ್ಣ" ಎಂದಳು. ಆ ಬೇಸಿಗೆಯಲ್ಲಿ ಉಷ್ಣ ಎಂದರೆ ನಂಬದವರಾರು? ಬೀದಿಯಲ್ಲಿ ಒಬ್ಬರಿಗೆ ಕಣ್ಣುರಿ, ಒಬ್ಬರಿಗೆ ತಲೆಸುತ್ತು, ಎಲ್ಲದಕ್ಕೂ ಅದೇ ಹೆಸರು. ನಿಜ ಹೇಳಿದರೆ ಸರಳಾ ಕೆಲಸ ನಿಲ್ಲಿಸಿಬಿಡುತ್ತಾಳೆ, ಮತ್ತೆ ಆರಾಮಾಗಿ ಕೂರಬೇಕಾಗುತ್ತದೆ ಎಂಬ ಭಯ ಆಕೆಗೆ. ಆ ಭಯ ಉರಿಗಿಂತ ದೊಡ್ಡದಾಗಿತ್ತು.

ಸಾರಿನ ಖಾರ ಬಿರುಕಿಗೆ ತಾಕಿದರೆ ಜೀವ ಹೋಗುವಂತಾಗುತ್ತಿತ್ತು. ತನ್ನ ಊಟವನ್ನು ಆಕೆ ಚಮಚದಲ್ಲಿ ಮಾಡತೊಡಗಿದಳು. ಯಶುಗೆ ಮಾತ್ರ ಹಲ್ಲು ಕಚ್ಚಿಕೊಂಡು ಕೈಯಲ್ಲೇ ಕಲಸಿದಳು.

ಯುಗಾದಿ ಕಳೆದ ಮೇಲೆ ಯಶು ಮಂಕಾದಳು. ಹೊಟ್ಟೆನೋವು ಎನ್ನುತ್ತಿದ್ದಳು. ಕುಣಿಯುತ್ತಾ ಮೆಟ್ಟಿಲು ಹತ್ತುತ್ತಿದ್ದವಳು ಕಂಬಿ ಹಿಡಿದು ಹತ್ತತೊಡಗಿದಳು. ಮುಖದ ರಕ್ತ ಬತ್ತಿತು, ಸಣ್ಣ ಮಾತಿಗೂ ರೇಗುತ್ತಿದ್ದಳು. ಬಡಾವಣೆಯ ಕ್ಲಿನಿಕ್ಕಿನಲ್ಲಿ ಬಿಸಿಲಿಗೆ ಮಕ್ಕಳೆಲ್ಲ ಹೀಗೇ ಆಗಿದ್ದಾರೆ, ನೀರು ಜಾಸ್ತಿ ಕುಡಿಸಿ ಎಂದರು. ಮನೆಯಲ್ಲಿ ಕಾಮಕಸ್ತೂರಿ ನೆನೆಸಿದರು, ಮಜ್ಜಿಗೆ ಕುಡಿಸಿದರು, ನೆತ್ತಿಗೆ ಎಣ್ಣೆಯಿಟ್ಟರು. ಬಾಲರಾಜ್ ಅಂಗಡಿಯಿಂದ ಒಂದು ಏಸಿ ತಂದು ಮಗಳ ಕೋಣೆಗೆ ಹಾಕಿದ.

ಮಗು ಉಣ್ಣುವುದು ಕಡಿಮೆ ಮಾಡಿದಷ್ಟೂ ಅಜ್ಜಿಯ ಹಟ ಜಾಸ್ತಿಯಾಯಿತು. "ಇನ್ನೊಂದ್ ತುತ್ತು ನನ್ ಬಂಗಾರಿ, ಇದು ಚಂದಮಾಮಂದು, ಇದು ನಿಮ್ಮಪ್ಪಂದು," ಎಂದು ರಮಿಸಿ ರಮಿಸಿ ಬಟ್ಟಲಿನ ತಳ ಬಳಿದು ಬಾಯಿಗಿಟ್ಟಳು. ಬೇರೆ ಯಾರ ಕೈಯಲ್ಲೂ ತಿನ್ನದ ಹುಡುಗಿ ಅಜ್ಜಿಯ ಮುಖ ನೋಡಿಕೊಂಡು ನುಂಗಿದಳು.

ಪ್ರದರ್ಶನ ಹತ್ತಿರ ಬಂದಾಗ ಕೊನೆಯ ಹಲಗೆ ಉಳಿದಿತ್ತು, ಯಶು ಅಜ್ಜಿಯಾಗುವ ಕಾಲದ್ದು. ಆ ದಿನ ದ್ರೌಪದಮ್ಮನ ಬೆರಳುಗಳು ಮಡಚಲೂ ಬರುತ್ತಿರಲಿಲ್ಲ. ಆದರೂ ಕೂತಳು. ನಡುವಿನ ಕಮಾನು ಎಳೆಯುವಾಗ ತೋರುಬೆರಳ ಬಿರುಕು ಬಾಯಿಬಿಟ್ಟು, ಕಪ್ಪು ಮಣ್ಣಿನಲ್ಲಿ ಒಂದು ಕೆಂಪೆಳೆ ಹಲಗೆಯ ತುದಿಯವರೆಗೂ ಹೋಯಿತು.

ಸರಳಾ ಬಗ್ಗಿ ನೋಡಿದಳು. "ಇದೇನಮ್ಮ ಕೆಂಪು?"

"ಕೆಮ್ಮಣ್ ಸೇರ್ಕಂಡೈತೆ, ಕೆರೆ ಅಂಚಿಂದು."

"ಚೆನ್ನಾಗಿದೆ. ಹಂಗೇ ಇರ್ಲಿ."

ಆಕೆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಸೊಸೆ ಮೆಚ್ಚಿದಳಲ್ಲ ಎಂದು ಹಿಗ್ಗಿದಳು. ಪಾಪ, ಅದೇ ಆಕೆಯ ಕೊನೆಯ ಹಿಗ್ಗು.

ಗೋಡೌನಿನಲ್ಲಿ ದೀಪ ಹಾಕಿ ನಿಲ್ಲಿಸಿದಾಗ ಹಲಗೆಗಳು ಬೇರೆಯೇ ಕಂಡವು. ಬಂದವರು ಮೊದಮೊದಲು ಮಾತಾಡುತ್ತಾ ನಡೆದು, ಸಾಲಿನ ಕೊನೆಗೆ ಬರುವಷ್ಟರಲ್ಲಿ ಸುಮ್ಮನಾಗುತ್ತಿದ್ದರು. ಒಬ್ಬಾತ ನಿಜವಾಗಿಯೂ ಕೆಮ್ಮಿ ನೀರಿನ ಬಾಟಲಿ ತೆಗೆದ. ಸರಳಾ ಅತ್ತೆಯ ತೋಳು ಒತ್ತಿದಳು. ಮೂಲೆಯ ಕುರ್ಚಿಯಲ್ಲಿ ಯಶು ಅಪ್ಪನ ಮೈಗೊರಗಿ ಕೂತಿದ್ದಳು, ಹೊಸ ಫ್ರಾಕ್ ಅವಳಿಗೆ ಸಡಿಲವಾಗಿತ್ತು.

ವನಿತಾ ಎಂಬ ಹೆಂಗಸೊಬ್ಬಳು ಕೊನೆಯ ಹಲಗೆಯ ಮುಂದೆ ಬಹಳ ಹೊತ್ತು ನಿಂತಿದ್ದು, "ಇದನ್ನ ಸಾರಿಸಿದ್ದು ನೀವಂತೆ. ಎಲ್ಲಿ, ಆ ಕೈ ಮುಟ್ಟಿ ನಮಸ್ಕಾರ ಮಾಡ್ತೀನಿ," ಎಂದು ದ್ರೌಪದಮ್ಮನ ಕೈಗಳನ್ನು ಎತ್ತಿಕೊಂಡಳು. ಎತ್ತಿಕೊಂಡವಳು ಬಿಡಲಿಲ್ಲ. ದೀಪದ ಕೆಳಗೆ ಎಳೆದು ಹೊರಳಿಸಿ ನೋಡಿದಳು.

"ನಾನು ಚರ್ಮದ ಡಾಕ್ಟ್ರು ಅಮ್ಮ. ಎಷ್ಟ್ ದಿನದಿಂದ ಹಿಂಗಿದೆ? ಈ ಮಣ್ಣು ಎಲ್ಲೀದು?"

"ನಮ್ ಒನ್ನಕಟ್ಟೇದು. ಇದು ಉಷ್ಣ ಅಷ್ಟೇ ಕಣವ್ವ."

ಸರಳಾ ಬ್ಯಾಟರಿ ಶೆಡ್ಡಿನ, ಪಾಲಿಶ್ ಶೆಡ್ಡಿನ ವಿಷಯ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳ ದನಿ ಇಳಿಯಿತು. ವನಿತಾಳ ಮುಖದಲ್ಲಿದ್ದ ನಗು ಹೋಗಿ ಬರಿಯ ಡಾಕ್ಟರು ಉಳಿದಳು.

"ಕೈ ಒಡೆದಿರೋದು ಪಾಲಿಶ್ ನೀರಿಗೆ. ಆದ್ರೆ ಬ್ಯಾಟರಿ ಅಂದ್ರೆ ಸೀಸ, ಹೊಟ್ಟೆಗೆ ಹೋದ್ರೆ ವಿಷ. ಈ ಕೈಯಲ್ಲಿ ಊಟ ಮಾಡ್ತೀರಾ ಅಮ್ಮ?"

"ಇಲ್ಲವ್ವ, ಉರೀತದೆ. ನಾ ಚಮ್ಚದಲ್ಲೇ ಉಣ್ಣಾದು," ಎಂದಳು ದ್ರೌಪದಮ್ಮ, ತಪ್ಪಿಸಿಕೊಂಡೆ ಎನ್ನುವ ಹಾಗೆ. "ಯಶುಗ್ ಮಾತ್ರ..."

ಆಕೆ ಮೂಲೆಯ ಕುರ್ಚಿಯ ಕಡೆ ತಿರುಗಿದಳು. ಡಾಕ್ಟರೂ ತಿರುಗಿದಳು, ಸರಳಾಳೂ ತಿರುಗಿದಳು. ಅಷ್ಟು ದೂರದಿಂದಲೂ ಮಗುವಿನ ತುಟಿ ಬಿಳಿಚಿಕೊಂಡಿದ್ದು ಕಾಣುತ್ತಿತ್ತು. ದಿನವೂ ಕಂಡದ್ದೇ, ಇವತ್ತು ಕಂಡಿತು.

"ರಕ್ತ ಪರೀಕ್ಷೆ ಮಾಡಿಸಿ," ಎಂದಳು ವನಿತಾ. "ನಾಳೆ ಅಲ್ಲ, ಈಗ."

ಯಶು ಆಸ್ಪತ್ರೆಯಲ್ಲಿ ಬಹಳ ದಿನ ಇದ್ದಳು. ಮಕ್ಕಳ ಡಾಕ್ಟರು ಬಿಡಿಸಿ ಹೇಳಿದರು: ಸೀಸ ರಕ್ತಕ್ಕೆ ಸೇರಿದೆ, ಔಷಧಿ ಕೊಟ್ಟು ಒಂದಷ್ಟು ಹೊರಗೆ ತೆಗೆಯಬಹುದು, ಮೂಳೆಗೆ ಹೋದದ್ದು ಹೋಯಿತು, ಮಿದುಳಿಗೆ ಆಗಿರುವುದು ಎಷ್ಟೆಂದು ಮತ್ತೆ ಶಾಲೆಗೆ ಹೋಗತೊಡಗಿದ ಮೇಲೇ ತಿಳಿಯುವುದು. ಬಾಲರಾಜ್ ಗೋಡೆಗೆ ತಲೆಯಾನಿಸಿ ಅತ್ತ. ಅವನು ಬೈದಿದ್ದರೆ ದ್ರೌಪದಮ್ಮನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಸರಳಾಳೂ ಬೈಯಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆಯ ಪಕ್ಕ ಕೂತು, ಒಂದು ಸಲ ಮಾತ್ರ, "ಗ್ಲೌಸ್ ಅಲ್ಲೇ ಬಿದ್ದಿತ್ತು ಅಮ್ಮ. ನಾನ್ ನೋಡ್ದೆ," ಎಂದಳು.

ದ್ರೌಪದಮ್ಮ ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು. ಆಕೆಯ ಕೈಗಳಿಗೂ ಮುಲಾಮು ಹಚ್ಚಿ ಬಟ್ಟೆ ಸುತ್ತಿದ್ದರು. ಬೆರಳುಗಳ ತುದಿಯಲ್ಲಿ ಈಗ ಬಿಸಿಯೂ ತಿಳಿಯುತ್ತಿರಲಿಲ್ಲ, ತಣುಪೂ ತಿಳಿಯುತ್ತಿರಲಿಲ್ಲ. ಈ ಕೈ ಹುಟ್ಟುವಾಗಲೇ ಸೇದಿಹೋಗಬಾರದಿತ್ತೇ ಎಂದು ಆಕೆ ದೇವರನ್ನು ಕೇಳಿದಳು.

ಪ್ರದರ್ಶನ ಮುಗಿದು ಹಲಗೆಗಳು ಮನೆಗೆ ಬಂದವು. ಪಾಷಾ ಇಳಿಸಿ, ಪ್ಲಾಸ್ಟಿಕ್ಕಿನಲ್ಲಿ ಬಿಗಿದು, ಗೇಟಿನ ಹೊರಗೆ ಗೋಡೆಗೊರಗಿಸಿದ. ಏನು ಮಾಡುವುದೆಂದು ಯಾರಿಗೂ ತಿಳಿದಿರಲಿಲ್ಲ. ಸುಟ್ಟರೆ ಹೊಗೆ, ಹೂತರೆ ನೆಲ, ಚರಂಡಿಗೆ ಬಿಟ್ಟರೆ ಮತ್ತೆ ಯಾವುದೋ ಕೆರೆ. ಕೊನೆಯ ಹಲಗೆಯನ್ನು ಕೊಳ್ಳಲು ದೂರದ ಊರಿನಿಂದ ಯಾರೋ ಫೋನ್ ಮಾಡಿದರು, ಆ ಕೆಂಪೆಳೆ ಕಣ್ಣಿಗೆ ಕಟ್ಟಿದೆ ಎಂದರಂತೆ. ಸರಳಾ ಫೋನ್ ಇಟ್ಟುಬಿಟ್ಟಳು. ದ್ರೌಪದಮ್ಮ ಪ್ಲಾಸ್ಟಿಕ್ಕಿನ ಮೂಲಕ ಅದನ್ನೇ ದಿಟ್ಟಿಸಿದಳು. ತವರಿನ ಅಂಗಳ ಎಲ್ಲಿಯೂ ಕಾಣಲಿಲ್ಲ. ಯಶು ಅಜ್ಜಿಯಾಗುವ ಕಾಲದ್ದು ಎಂದು ಸೊಸೆ ಹೇಳಿದ್ದಳು. ಅಷ್ಟು ದೂರ ಹೋಗುವ ಅಗತ್ಯವೇ ಇರಲಿಲ್ಲ, ಅದು ಈ ಮನೆಯ ಅನ್ನದ ಬಟ್ಟಲಿಗೇ ಬಂದಿತ್ತು.

ಯಶು ಮನೆಗೆ ಬಂದ ಸಂಜೆ ಮೋಡ ಕವಿದಿತ್ತು, ಮಳೆ ಬರಲಿಲ್ಲ. ತಾರಸಿಗೆ ಬೀಗ ಹಾಕಿತ್ತು. ಮಗುವಿನ ಕೈ ಸಣ್ಣಗೆ ನಡುಗುತ್ತಿತ್ತು. ಬಂದವಳು ಟಿವಿಯ ಮುಂದೆ ಕೂರದೆ, ಹಳೆಯ ಅಭ್ಯಾಸದಂತೆ ನೇರವಾಗಿ ಮೆಟ್ಟಿಲಿಗೆ ಹೋಗಿ ಕೂತಳು. ಸರಳಾ ಹಿಂದೆಯೇ ಹೋಗಿ ಅನ್ನ ಮೊಸರನ್ನು ಚಮಚದಲ್ಲಿ ಹಿಡಿದಳು. ಯಶು ತುಟಿ ಬಿಗಿದಳು.

"ಚಮಚ ಕಹಿ."

"ಒಂದೇ ಒಂದು ಪುಟ್ಟಿ. ಡಾಕ್ಟ್ರ್ ಆಂಟಿ ಹೇಳಿದಾರಲ್ಲ?"

"ಬೇಡ. ಅಜ್ಜಿ ಕೈಲಿ."

ದ್ರೌಪದಮ್ಮ ಬಾಗಿಲ ಮರೆಯಲ್ಲಿದ್ದಳು. ಹೊರಗೆ ಬರಬಾರದೆಂದು ಗಟ್ಟಿಮನಸ್ಸು ಮಾಡಿ ನಿಂತಿದ್ದಳು. ಮಗು ಹುಡುಕಿಕೊಂಡು ಬಂತು. ಕಂಬಿ ಹಿಡಿದು, ಗೋಡೆ ಹಿಡಿದು ಬಂದು ಎದುರಿಗೆ ನಿಂತು ಕತ್ತೆತ್ತಿತು. ಆಕೆ ಬಟ್ಟೆ ಸುತ್ತಿದ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದಳು.

"ನಿಮ್ಮಮ್ಮನ್ ತಾವ ಉಣ್ಣೋಗು ನನ್ ಕಂದ. ನನ್ ಕೈ ಕೆಟ್ಟೋಗೈತೆ."

ಯಶುಗೆ ಅದು ಆಟದಂತೆ ಕಂಡಿರಬೇಕು. ಆಸ್ಪತ್ರೆ ಸೇರಿದ ಮೇಲೆ ಮೊದಲ ಸಲ ನಕ್ಕಳು. ಕಣ್ಣು ಮುಚ್ಚಿ, ಬಾಯಿ ದೊಡ್ಡದಾಗಿ ತೆರೆದು, ಅಜ್ಜಿಯ ಮುಂದೆ ಹಾಗೆಯೇ ನಿಂತುಕೊಂಡಳು.